ಬೇ ಲೇಕ್ ದಡದ ಹೊಸ ಲಾಡ್ಜ್: ಮೊದಲ ದಿನವೇ ಪಾಯಿಂಟ್ ಕೊಳ್ಳೋದಾ, ಕಾಯೋದಾ?

ಕಾವೇರಿತೀರ
ಎಲ್ಲರಿಗೂ ನಮಸ್ಕಾರ. ಆರ್ಲ್ಯಾಂಡೋದ ಡಿಸ್ನಿ ವರ್ಲ್ಡ್‌ನಲ್ಲಿ ಲೇಕ್‌ಶೋರ್ ಲಾಡ್ಜ್ ಕಟ್ಟುತ್ತಿದ್ದಾರಲ್ಲ, ಅದರ ಬಗ್ಗೆ ಮಾತಾಡೋಣ. ಗೊತ್ತಿಲ್ಲದವರಿಗೆ: ಬೇ ಲೇಕ್ ದಡದಲ್ಲಿ, ವೈಲ್ಡರ್‌ನೆಸ್ ಲಾಡ್ಜ್ ಹೋಟೆಲಿಗೂ ಫೋರ್ಟ್ ವೈಲ್ಡರ್‌ನೆಸ್ ಕ್ಯಾಂಪ್‌ಗ್ರೌಂಡಿಗೂ ನಡುವಿನ ಜಾಗ. ಹಿಂದೆ ಅಲ್ಲಿ ರಿವರ್ ಕಂಟ್ರಿ ವಾಟರ್ ಪಾರ್ಕ್ ಇತ್ತು, 2001ರಲ್ಲಿ ಬಾಗಿಲು ಹಾಕಿತು. ಲಾಡ್ಜ್ 2027ಕ್ಕೆ ತೆರೆಯುತ್ತೇವೆ ಅಂದಿದ್ದಾರೆ. ಡಿವಿಸಿ, ಅಂದರೆ ಡಿಸ್ನಿಯದೇ ಟೈಮ್‌ಶೇರ್ ಕ್ಲಬ್ಬಿನ ವಿಲ್ಲಾಗಳೂ ಬರುತ್ತವೆ. ಅಲ್ಲಿ ನಾವು ಕೊಳ್ಳೋದು ಪಾಯಿಂಟ್, ವರ್ಷಾ ವರ್ಷ ಆ ಪಾಯಿಂಟ್ ಕೊಟ್ಟು ರೂಮು ಹಿಡಿಯೋದು.

ನನ್ನ ಊಹೆ, ಇದು ಬರೀ ಶುರು. ಡಿಸ್ನಿ ಜಾಗದ ಆಡಳಿತ ನೋಡುವ ಜಿಲ್ಲಾ ಮಂಡಳಿಯ ಯೋಜನೆಯಲ್ಲಿ ಹೋಟೆಲ್ ರೂಮುಗಳು ಸುಮಾರು 40,000ದಿಂದ 53,000ಕ್ಕೂ ಜಾಸ್ತಿ ಆಗಬಹುದು ಅಂತಿದೆ. ಆ ಮಂಡಳಿಗೂ ಡಿಸ್ನಿಗೂ ಆದ 2024ರ ಒಪ್ಪಂದದಲ್ಲಿ ಡಿಸ್ನಿ 17 ಬಿಲಿಯನ್ ಡಾಲರ್‌ವರೆಗೆ ದುಡ್ಡು ಹಾಕುವ ಮಾತಿದೆ. ಅಲ್ಲಿನ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನಲ್ಲಿ ವಿಲನ್ಸ್ ಲ್ಯಾಂಡ್ ಅನ್ನೋ ಹೊಸ ಭಾಗ ಬರುತ್ತಿದೆ. ಅಷ್ಟು ಜನ ಎಲ್ಲಿ ಮಲಗಬೇಕು? ಅದಕ್ಕೇ ಮಾರಾಟ ಶುರುವಾದ ದಿನವೇ ಕೊಳ್ಳುವ ಯೋಚನೆ ಇದೆ. ಎಷ್ಟಾದರೂ ಆಸ್ತಿ ಅಲ್ವಾ. ವಿಲ್ಲಾದಲ್ಲಿ ಅಡುಗೆಮನೆಯೂ ಇರುತ್ತದೆ. ಅನ್ನ ಸಾರು ಮಾಡಿಕೊಂಡರೆ ಊಟದ ಖರ್ಚೂ ಉಳಿಯುತ್ತದೆ. ಏನಂತೀರಿ?

ಲೆಕ್ಕದ ಪುಸ್ತಕ
"ಎಷ್ಟಾದರೂ ಆಸ್ತಿ." ಅಯ್ಯೋ ಸಾರ್! ಅವಧಿ ಮುಗಿದ ದಿನ ಡಿಸ್ನಿಗೇ ವಾಪಸ್ ಹೋಗುವ ಆಸ್ತಿ. 1991ರಲ್ಲಿ ಶುರುವಾದ ಡಿವಿಸಿ ರೆಸಾರ್ಟ್ ಓಲ್ಡ್ ಕೀ ವೆಸ್ಟ್ 2042ಕ್ಕೆ ಮುಗಿಯುತ್ತದೆ. ಬೋರ್ಡ್‌ವಾಕ್, ಬೀಚ್ ಕ್ಲಬ್, ಬೋಲ್ಡರ್ ರಿಡ್ಜ್ ಎಲ್ಲಾ ಅದೇ ವರ್ಷ. ರಿವಿಯೆರಾ 2070ಕ್ಕೆ. ಮೊಮ್ಮಗನಿಗೆ ಬರೆದಿಡೋಕೆ ಇದೇನು ಅಡಿಕೆ ತೋಟನಾ? ಅಲ್ಲಿಯವರೆಗೆ ಪ್ರತಿ ವರ್ಷ ಮೇಂಟೆನೆನ್ಸ್ ಬೇರೆ. ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು.

ಕಾವೇರಿತೀರ
"2042ಕ್ಕೆ ಮುಗಿಯುತ್ತದೆ" ಅಂತ ಅರ್ಧ ಹೇಳಿ ಕೈ ತೊಳೆದುಕೊಂಡಿರಿ. ಓಲ್ಡ್ ಕೀ ವೆಸ್ಟ್‌ನವರಿಗೆ 2007ರಲ್ಲಿ 2057ರವರೆಗೆ ವಿಸ್ತರಿಸಿ ಕೊಟ್ಟರು. ನಮ್ಮ ಹೆಸರಿಗೆ ಡೀಡ್ ಆಗುತ್ತದೆ, ಕೌಂಟಿಯಲ್ಲಿ ನೋಂದಣಿ ಆಗುತ್ತದೆ. ಇದು ಆಸ್ತಿ ಅಲ್ಲ ಅಂದರೆ ಇನ್ನೇನು?

ಲೆಕ್ಕದ ಪುಸ್ತಕ
"ವಿಸ್ತರಿಸಿ ಕೊಟ್ಟರು." ಕೊಡಲಿಲ್ಲ, ಮಾರಿದರು. ಪಾಯಿಂಟಿಗೆ ಇಷ್ಟು ಅಂತ ದುಡ್ಡು ಎಣಿಸಿಕೊಂಡರು. ಬೇಡ ಅಂದವರೂ ಇದ್ದರು. ಈಗ ಒಂದೇ ರೆಸಾರ್ಟಿನಲ್ಲಿ 2042ರವರೂ ಇದ್ದಾರೆ, 2057ರವರೂ ಇದ್ದಾರೆ. ಇಂಥ ಆಸ್ತಿ ನಿಮಗೇ ಇರಲಿ.

ಟ್ಯಾಂಪಾ ರಾಯರು
"ಅಷ್ಟು ಜನ ಎಲ್ಲಿ ಮಲಗಬೇಕು?" ಎದುರಿನವರ ಹತ್ತಿರ ಮಲಗುತ್ತಾರೆ ತಮ್ಮಾ. 2025ರ ಮೇ 22ಕ್ಕೆ ಯೂನಿವರ್ಸಲ್‌ನವರು ಎಪಿಕ್ ಯೂನಿವರ್ಸ್ ಪಾರ್ಕ್ ತೆರೆದರು. ಅದರ ಜೊತೆಗೇ 3 ಹೋಟೆಲ್. ಸ್ಟೆಲ್ಲಾ ನೋವಾ 750 ರೂಮು, ಟೆರ್ರಾ ಲೂನಾ 750, ಹೀಲಿಯೋಸ್ 500. ಬಾಡಿಗೆ ಕೊಡು, ಮಲಗು, ಎದ್ದು ಬಾ. ಡೀಡೂ ಇಲ್ಲ, ಗೀಡೂ ಇಲ್ಲ.

ಇನ್ನು 53,000 ಅಂತೀಯಲ್ಲ, ಅದು ಇಷ್ಟರವರೆಗೆ ಕಟ್ಟಬಹುದು ಅನ್ನೋ ಮಿತಿ. ಕಟ್ಟುತ್ತೇವೆ ಅಂತ ಯಾರೂ ಹೇಳಿಲ್ಲ. ಅದೇ ಯೋಜನೆಯಲ್ಲಿ 5ನೇ ಪಾರ್ಕಿಗೂ ಜಾಗ ಇದೆ. 4ನೆಯದು, ಅನಿಮಲ್ ಕಿಂಗ್‌ಡಮ್, ಬಂದದ್ದು 1998ರಲ್ಲಿ. 5ನೆಯದನ್ನು ತೋರಿಸು ನೋಡೋಣ. ನೀನು ಕುಣಿಯುತ್ತಿರುವ ಈ ಲಾಡ್ಜನ್ನೇ 2018ರಲ್ಲಿ ಘೋಷಿಸಿದ್ದರು. ಹೆಸರು ಬೇರೆ, ರಿಫ್ಲೆಕ್ಷನ್ಸ್. 900ಕ್ಕೂ ಜಾಸ್ತಿ ರೂಮು, 2022ಕ್ಕೆ ತಯಾರು ಅಂದಿದ್ದರು. 2020ರಲ್ಲಿ ಕೆಲಸ ನಿಂತಿತು.

ಕಾವೇರಿತೀರ
"ಕೆಲಸ ನಿಂತಿತು." 2020ರಲ್ಲಿ ಯಾವ ಕೆಲಸ ನಡೆಯಿತು ರಾಯರೇ? ಕೋವಿಡ್ ಅನ್ನೋದೊಂದು ಬಂದಿತ್ತು, ಟ್ಯಾಂಪಾಗೆ ಬಂದಿರಲಿಲ್ವಾ?

ಬಿಡದಿ ಬಾಯ್
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ವಂಡರ್‌ಲಾ ಬಿಡದಿ ಹತ್ತಿರ 2005ರಲ್ಲಿ ಬಂತು. ರೆಸಾರ್ಟ್ ಬಂದದ್ದು 2012ರಲ್ಲಿ. ರೂಮು ಬೇಕಾದರೆ ಬುಕ್ ಮಾಡೋದು, ಬೇಡದಿದ್ದರೆ ಮೈಸೂರು ರಸ್ತೆ ಹಿಡಿದು ಮನೆಗೆ. 2070ರ ಲೆಕ್ಕ ಕೇಳಿದವರನ್ನು ನಾನು ನೋಡಿಲ್ಲ ಗುರು.

ಉಡುಪಿ ಟು ಅಟ್ಲಾಂಟಾ
ಕಾವೇರಿತೀರ ಅವರೇ, "ಅನ್ನ ಸಾರು ಮಾಡಿಕೊಂಡರೆ" ಅಂದಿರಲ್ಲ, ಯಾವ ವಿಲ್ಲಾದಲ್ಲಿ ಮಾರಾಯ್ರೆ? ನಿಮ್ಮ ಬಜೆಟ್ಟಿಗೆ ಬರುವುದು ಸ್ಟುಡಿಯೋ, ಅಂದರೆ ಒಂದೇ ಕೋಣೆಯದ್ದು. ಅದರಲ್ಲಿ ಇರುವುದು ಒಂದು ಮೈಕ್ರೋವೇವ್, ಒಂದು ಪುಟ್ಟ ಫ್ರಿಜ್, ಕಾಫಿ ಮೆಷಿನ್, ಟೋಸ್ಟರ್. ಒಲೆ ಇಲ್ಲ. ಒಲೆ, ಓವನ್, ಪಾತ್ರೆ ತೊಳೆಯುವ ಮೆಷಿನ್ ಬೇಕಾದರೆ ಒಂದು ಬೆಡ್‌ರೂಮಿನ ವಿಲ್ಲಾ ತಗೊಳ್ಳಬೇಕು. ಪಾಯಿಂಟು ಹೆಚ್ಚುಕಡಿಮೆ ದುಪ್ಪಟ್ಟು. ಆ ಲೆಕ್ಕದಲ್ಲಿ ನಿಮ್ಮ ಸಾರಿಗೆ ಬಂಗಾರದ ಬೆಲೆ.

ಕಾವೇರಿತೀರ
"ನಿಮ್ಮ ಬಜೆಟ್ಟಿಗೆ" ಅಂದರೆ? ನನ್ನ ಬಜೆಟ್ ನಿಮಗೆ ಹೇಗೆ ಗೊತ್ತು? ಸ್ಟುಡಿಯೋ ಆದರೂ ಇನ್‌ಸ್ಟಂಟ್ ಪಾಟ್ ಇಲ್ವಾ? ಕಾರಿನಲ್ಲಿ ಹೋಗುವವರು ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುತ್ತಾರೆ. ಅಕ್ಕಿ, ಬೇಳೆ, ಎಂಟಿಆರ್ ಸಾರಿನ ಪುಡಿ. ಮುಗೀತು.

ಉಡುಪಿ ಟು ಅಟ್ಲಾಂಟಾ
ಸಾರಿನ ಪುಡಿ ಹಾಕಿದರೆ ಸಾರಾಗುತ್ತದಾ? ಒಗ್ಗರಣೆ ಎಲ್ಲಿ ಹಾಕುತ್ತೀರಿ? ಸಾಸಿವೆ ಸಿಡಿಯಬೇಕು, ಮೆಣಸು ಕಪ್ಪಾಗುವ ಮೊದಲು ಕರಿಬೇವು ಬೀಳಬೇಕು, ಆಮೇಲೆ ಒಂದು ಚಿಟಿಕೆ ಇಂಗು. ಮೈಕ್ರೋವೇವಿನಲ್ಲಿ ಸಾಸಿವೆ ಸಿಡಿಸಿ ತೋರಿಸಿ.

ಟ್ಯಾಂಪಾ ರಾಯರು
ಸಾಸಿವೆ ಸಿಡಿಸಬೇಡಿ! ನಮ್ಮ ಬೀಗರು ಆರ್ಲ್ಯಾಂಡೋದ ಒಂದು ಹೋಟೆಲಿನಲ್ಲಿ (ಯಾವುದು ಅಂತ ಕೇಳಬೇಡಿ) ಒಣಮೆಣಸಿನ ಒಗ್ಗರಣೆ ಹಾಕಿದರು. ಹೊಗೆ ಅಲಾರಾಂ ಕಿರುಚಿಕೊಂಡಿತು. ಪಂಚೆ ಉಟ್ಟಿದ್ದವರು ಹಾಗೇ ಕಾರಿಡಾರಿಗೆ ಬಂದರು.

ಕಾವೇರಿತೀರ
ನಿಮ್ಮ ಬೀಗರು ಬಾಲ್ಕನಿ ಬಾಗಿಲು ತೆಗೆದಿರಲಿಲ್ಲ. ಅದಕ್ಕೆ ಟೈಮ್‌ಶೇರನ್ನು ಬೈದರೆ ಹೇಗೆ? ನಾವು ಎಕ್ಸಾಸ್ಟ್ ಹಾಕಿ, ಬಾಣಲೆಗೆ ಮುಚ್ಚಳ ಹಿಡಿದು ಮಾಡುತ್ತೇವೆ. ಏನೂ ಆಗಲ್ಲ.

ಲೆಕ್ಕದ ಪುಸ್ತಕ
"ಬಾಲ್ಕನಿ ಬಾಗಿಲು." ಫ್ಲೋರಿಡಾದ ಜುಲೈನಲ್ಲಿ! ಆಹಾ. ಒಗ್ಗರಣೆ ಮುಗಿಯುವಷ್ಟರಲ್ಲಿ ಹಾಕುವವರೇ ಬೆಂದಿರುತ್ತಾರೆ.

ಸಾಗರದ ಹುಡುಗಿ
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಗಂಡಸರೆಲ್ಲಾ ಸೇರಿ ಒಗ್ಗರಣೆ ಚರ್ಚೆ ಮಾಡುತ್ತಿದ್ದೀರಿ, ಬಾಣಲೆ ಹಿಡಿಯುವವರು ಯಾರು ಅಂತ ಒಬ್ಬರೂ ಹೇಳಿಲ್ಲ. ಬೆಳಿಗ್ಗೆ 8ಕ್ಕೆ ಪಾರ್ಕ್ ಗೇಟಿನಲ್ಲಿ ಇರಬೇಕು. ರಾತ್ರಿ ಪಟಾಕಿ ನೋಡಿ ಕಾಲೆಳೆದುಕೊಂಡು ಬಂದ ಮೇಲೆ ನಾನು ಅಕ್ಕಿ ತೊಳೆಯಬೇಕಾ? ಅದಕ್ಕೆ ಡಿಸ್ನಿ ಯಾಕೆ, ನಮ್ಮ ಮನೆಯ ಒಲೆ ಸಾಕು. ಊಟ ಬೇಕಾದರೆ ಅನಿಮಲ್ ಕಿಂಗ್‌ಡಮ್ ವಿಲ್ಲಾದ ಕಿಡಾನಿಯಲ್ಲಿ ಸನಾ ಅಂತ ಹೋಟೆಲ್ ಇದೆ. ನಾನ್ ತರಹದ ರೊಟ್ಟಿಗಳು, ಜೊತೆಗೆ ಸಾಲಾಗಿ ಚಟ್ನಿ, ರಾಯಿತ. ಕಿಟಕಿಯ ಆಚೆ ಜಿರಾಫೆ. ಸಾರು ಮನೆಗೆ ಬಂದು ಕುಡಿಯಿರಿ.

ಉಡುಪಿ ಟು ಅಟ್ಲಾಂಟಾ
ಅಕ್ಕ, "ಸಾಲಾಗಿ ಚಟ್ನಿ" ಸರಿ. ಅನ್ನ ಎಲ್ಲಿ? ನಮ್ಮ ಅಮ್ಮ ರೊಟ್ಟಿ ತಿಂದು ಮಲಗಿದರೆ ಊಟವೇ ಆಗಿಲ್ಲ ಅಂತಾರೆ.

ಸಾಗರದ ಹುಡುಗಿ
ಹಾಗಾದರೆ ನಿಮ್ಮ ಅಮ್ಮನಿಗೆ ನೀವು ಮಾಡಿ ಹಾಕಿ. ಬಾಣಲೆಗೆ ಮುಚ್ಚಳ ಹಿಡಿಯೋಕೆ ಕಾವೇರಿತೀರ ಸಾರ್ ಬರುತ್ತಾರೆ.

ಕಾವೇರಿತೀರ
ಮೇಡಂ, ನಮ್ಮ ಮನೆಯಲ್ಲಿ ವೀಕೆಂಡ್ ಅಡುಗೆ ನನ್ನದೇ. ಗೊತ್ತಿಲ್ಲದೆ ಮಾತಾಡಬೇಡಿ. ನಾನು ಕೇಳಿದ್ದು ಹೋಟೆಲ್ ವಿಷಯ, ನೀವೆಲ್ಲಾ ಸೇರಿ ಇದನ್ನು ಮದುವೆ ಮನೆಯ ಅಡುಗೆ ಚಪ್ಪರ ಮಾಡಿದ್ದೀರಿ.

ಬಿಡದಿ ಬಾಯ್
ಚಪ್ಪರ ಅಂದಿದ್ದಕ್ಕೆ ನೆನಪಾಯ್ತು. ಬಿಡದಿಗೆ ಬಂದರೆ ತಟ್ಟೆ ಇಡ್ಲಿ ಸಿಗುತ್ತದೆ. ಅಲಾರಾಂ ಇಲ್ಲ.

ಲೆಕ್ಕದ ಪುಸ್ತಕ
"ನಾನು ಕೇಳಿದ್ದು ಹೋಟೆಲ್ ವಿಷಯ." ಸರಿ, ಅದಕ್ಕೇ ಬರೋಣ. ಹೊಸ ಲಾಡ್ಜಿನಲ್ಲಿ ಮೊದಲ ದಿನ ಕೊಂಡರೆ ಪೂರ್ತಿ ಬೆಲೆ. ನಾಳೆ ಬೇಡ ಅನ್ನಿಸಿ ಮಾರುವಾಗ ನಿಮ್ಮಿಂದ ಕೊಳ್ಳುವವನಿಗೆ ಕಟ್ಟುಪಾಡು ಜಾಸ್ತಿ. 2019ರ ಜನವರಿಯಲ್ಲೇ ನಿಯಮ ಬದಲಾಗಿದೆ. ರಿವಿಯೆರಾ ಪಾಯಿಂಟನ್ನು ಮರುಮಾರಾಟದಲ್ಲಿ ಕೊಂಡವನು ರಿವಿಯೆರಾದಲ್ಲಿ ಮಾತ್ರ ಉಳಿಯಬಹುದು. ಹಳೆಯ 14 ರೆಸಾರ್ಟಿನದನ್ನು ಹಾಗೆ ಕೊಂಡವನಿಗೆ ರಿವಿಯೆರಾ ಬಾಗಿಲು ತೆರೆಯಲ್ಲ. ಲೇಕ್‌ಶೋರ್‌ಗೂ ಇದೇ ಬರುತ್ತದೆ ಅಂತ ನನ್ನ ಊಹೆ. ಆಮೇಲೆ ಕೊಳ್ಳುವವರು ಎಷ್ಟು ಕೊಡುತ್ತಾರೆ, ನೀವೇ ಲೆಕ್ಕ ಹಾಕಿ.

ಕಾವೇರಿತೀರ
"ಮಾರುವಾಗ." ಮಾರೋಕೆ ಯಾರು ಕೊಳ್ಳುತ್ತಾರೆ? ಮಕ್ಕಳ ಜೊತೆ ಹೋಗೋಕೆ ಕೊಳ್ಳುವುದು. ನನ್ನ ಇನ್ನೊಂದು ಊಹೆ ಕೇಳಿ. ಬೋಲ್ಡರ್ ರಿಡ್ಜ್ 2042ಕ್ಕೆ ಮುಗಿಯುತ್ತದೆ ಅಂತ ನೀವೇ ಹೇಳಿದಿರಿ. ಅದು ಇರೋದು ವೈಲ್ಡರ್‌ನೆಸ್ ಲಾಡ್ಜ್ ಅಂಗಳದಲ್ಲಿ. ಅದರ ಪಕ್ಕದಲ್ಲೇ ಹೊಸದನ್ನು ಏಕೆ ಕಟ್ಟುತ್ತಿದ್ದಾರೆ? ಅಲ್ಲಿನ ಹಳೇ ಸದಸ್ಯರು ಅದೇ ಕೆರೆ, ಅದೇ ಕಾಡು ಬಿಟ್ಟು ಹೋಗಲಾರರು. ಅವರೇ ಮೊದಲು ಮುಗಿಬೀಳುತ್ತಾರೆ. ತಡ ಮಾಡಿದವರಿಗೆ ಉಳಿಯಲ್ಲ.

ಟ್ಯಾಂಪಾ ರಾಯರು
"ತಡ ಮಾಡಿದವರಿಗೆ ಉಳಿಯಲ್ಲ." ತಮ್ಮಾ, ಇದೇ ಮಾತನ್ನು ಸ್ಟಾರ್ ವಾರ್ಸ್ ಹೋಟೆಲಿಗೂ ಹೇಳಿದ್ದರು. ಗ್ಯಾಲಕ್ಟಿಕ್ ಸ್ಟಾರ್‌ಕ್ರೂಸರ್. 100 ರೂಮು. ಇಬ್ಬರಿಗೆ 2 ರಾತ್ರಿಗೆ 4,800 ಡಾಲರ್ ಹತ್ತಿರ. 2022ರ ಮಾರ್ಚಿನಲ್ಲಿ ಶುರು, 2023ರ ಸೆಪ್ಟೆಂಬರಿನಲ್ಲಿ ಬಾಗಿಲು ಬಂದ್. ಡಿಸ್ನಿಯವರು ಕಟ್ಟಿದ್ದೆಲ್ಲಾ ತುಂಬುತ್ತದೆ ಅಂತ ಏನಿಲ್ಲ.

ಕಾವೇರಿತೀರ
ಅದು ಟೈಮ್‌ಶೇರ್ ಅಲ್ಲ. ಸಂಬಂಧವೇ ಇಲ್ಲದ್ದನ್ನು ತಂದು ತುರುಕಬೇಡಿ. ಪಾಲಿನೇಷಿಯನ್ ಐಲ್ಯಾಂಡ್ ಟವರ್ 2024ರ ಡಿಸೆಂಬರಿನಲ್ಲಿ ತೆರೆಯಿತು, ಅದು ಟೈಮ್‌ಶೇರ್. ಅದರ ಮಾತೇ ಎತ್ತಲ್ಲ ನೀವು.

ಸಾಗರದ ಹುಡುಗಿ
ಎತ್ತೋಣ. ನೋಡೋಕೆ ವೈಟ್‌ಫೀಲ್ಡಿನ ಆಫೀಸ್ ಕಟ್ಟಡದ ಹಾಗಿದೆ. 1971ರ ಪಾಲಿನೇಷಿಯನ್‌ನ ಉದ್ದ ಮನೆಗಳ ಪಕ್ಕದಲ್ಲಿ ಅದನ್ನು ನಿಲ್ಲಿಸಿದವರ ಕಣ್ಣು ಪರೀಕ್ಷೆ ಆಗಬೇಕು. ಆದರೆ ಅಲ್ಲಿ ಮೊನೊರೈಲ್ ಇದೆ. ನಿಮ್ಮ ಲೇಕ್‌ಶೋರ್‌ನಲ್ಲಿ ಏನಿದೆ? 1982ರಲ್ಲಿ ಎಪ್‌ಕಾಟ್ ಪಾರ್ಕಿಗೆ ಹಾಕಿದ ಮೇಲೆ ಆ ಹಳಿ ಒಂದು ಇಂಚೂ ಮುಂದೆ ಹೋಗಿಲ್ಲ. ದೋಣಿ, ಇಲ್ಲಾಂದ್ರೆ ಬಸ್.

ಉಡುಪಿ ಟು ಅಟ್ಲಾಂಟಾ
ದೋಣಿ ಒಳ್ಳೆಯದೇ. ಗಾಳಿ ಉಂಟು. ಫೋರ್ಟ್ ವೈಲ್ಡರ್‌ನೆಸ್‌ನಲ್ಲಿ 2024ರಲ್ಲಿ ಹೊಸ ಡಿವಿಸಿ ಕ್ಯಾಬಿನ್ ಬಂದಿವೆ, ಅದು 2075ರವರೆಗೆ. ಅದರಲ್ಲಿ ಅಡುಗೆಮನೆಯೂ ಉಂಟು. ಮನೆ ಥರ ಬೇರೆ ಬೇರೆ ಇರುವುದರಿಂದ ಪಕ್ಕದವರಿಗೆ ಇಂಗಿನ ವಾಸನೆ ಹೋಗುವುದಿಲ್ಲ. ನಾನಾದರೆ ಅದನ್ನೇ ನೋಡುತ್ತೇನೆ.

ಕಾವೇರಿತೀರ
ಮತ್ತೆ ಇಂಗಾ!

ಲೆಕ್ಕದ ಪುಸ್ತಕ
ಉಡುಪಿಯವರೇ, ನೀವು ಯಾರ ಕಡೆ? ಈಗಷ್ಟೇ ಸಾರಿಗೆ ಬಂಗಾರದ ಬೆಲೆ ಅಂದಿರಿ.

ಉಡುಪಿ ಟು ಅಟ್ಲಾಂಟಾ
ನಾನು ಸಾರಿನ ಕಡೆ.

ಬಿಡದಿ ಬಾಯ್
ಒಂದು ಅನುಮಾನ. ಲೇಕ್‌ಶೋರ್‌ನಲ್ಲಿ ಕೊಂಡರೆ ಅಲ್ಲೇ ಉಳಿಯಬೇಕಾ, ಬೇರೆ ಕಡೆ ಹೋಗಬಹುದಾ?

ಕಾವೇರಿತೀರ
ಡಿವಿಸಿಯ ಮಾಮೂಲಿ ನಿಯಮ ಹೇಳುತ್ತೇನೆ. ಸ್ವಂತ ರೆಸಾರ್ಟನ್ನು 11 ತಿಂಗಳು ಮೊದಲೇ ಬುಕ್ ಮಾಡಬಹುದು, ಉಳಿದದ್ದನ್ನು 7 ತಿಂಗಳು ಮೊದಲು. ಕೊನೆಗೂ ಒಬ್ಬರು ಸರಿಯಾದ ಪ್ರಶ್ನೆ ಕೇಳಿದರು, ಅದೂ ಬಿಡದಿಯಿಂದ. ನಾನಂತೂ ಸೇಲ್ಸ್‌ನವರ ಹತ್ತಿರ ಮಾತಾಡಿ ಬರುತ್ತೇನೆ. ಕೇಳೋಕೆ ದುಡ್ಡಿಲ್ಲ.

ಲೆಕ್ಕದ ಪುಸ್ತಕ
"ಕೇಳೋಕೆ ದುಡ್ಡಿಲ್ಲ." ಹೋಗಿ ಬನ್ನಿ. ಪೆನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ. ಸಹಿ ಹಾಕಿಯೇ ಬಂದಿರೋ, ಫ್ಲೋರಿಡಾ ಕಾನೂನಿನಲ್ಲಿ ರದ್ದು ಮಾಡೋಕೆ 10 ದಿನ ಇರುತ್ತದೆ. 9ನೇ ದಿನ ಇಲ್ಲಿಗೆ ಬನ್ನಿ, ಪತ್ರ ನಾನೇ ಬರೆದುಕೊಡುತ್ತೇನೆ.

ಕಾವೇರಿತೀರ
ಬೇಕಾಗಲ್ಲ.

ಟ್ಯಾಂಪಾ ರಾಯರು
ಅಂದಹಾಗೆ, ಬೀಗರು ಬಾಲ್ಕನಿ ಬಾಗಿಲು ತೆಗೆದಿದ್ದರಂತೆ. ಈಗಷ್ಟೇ ಫೋನ್ ಮಾಡಿ ಕೇಳಿದೆ.