ಗೋಲಿಯಾಡ್ ಊರಿಗೆ ತಂದೆ-ತಾಯಿಯನ್ನು ಕರೆದೊಯ್ಯಬಹುದೇ?

ಪ್ರಶ್ನೆ – ಹ್ಯೂಸ್ಟನ್ ನಿವಾಸಿ

ಊರಿನಿಂದ ಅಪ್ಪ-ಅಮ್ಮ ಬಂದಿದ್ದಾರೆ. ಅಪ್ಪ ಪ್ರೌಢಶಾಲೆಯಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದವರು. 1836ರಲ್ಲಿ ಮೆಕ್ಸಿಕೊದಿಂದ ಬಿಡುಗಡೆಗಾಗಿ ಹೋರಾಡಿದ ಟೆಕ್ಸಸ್‌ನವರು ಸತ್ತ ಸ್ಯಾನ್ ಆಂಟೋನಿಯೊದ ಅಲಮೊ ಕೋಟೆಯನ್ನು ತೋರಿಸಿದೆವು, ಆದರೆ ಆ ಜನಸಂದಣಿಯಲ್ಲಿ ಅವರಿಗೆ ನಿಂತು ಓದಲೂ ಆಗಲಿಲ್ಲ. ಮಾರ್ಚ್ ಕೊನೆಯಲ್ಲಿ ಗೋಲಿಯಾಡ್‌ಗೆ ಹೋಗಿ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಅಪ್ಪನಿಗೆ ಮಂಡಿನೋವು, ಹೆಚ್ಚು ನಡೆಯಲಾರರು. ಅಷ್ಟು ದೂರ ಹೋಗುವಂಥದ್ದು ಅಲ್ಲಿ ಏನಿದೆ?

ಉತ್ತರ – ಕರಾವಳಿ ಪ್ರಿಯ

ಎರಡು ಗಂಟೆ ಸಾಕು. ಕೋಟೆ ನೋಡಿ, ನ್ಯಾಯಾಲಯದ ಚೌಕದಲ್ಲಿ ಒಂದು ಸುತ್ತು ಹಾಕಿ, ಊಟ ಮುಗಿಸಿ ನೇರವಾಗಿ ರಾಕ್‌ಪೋರ್ಟ್ ಕಡಲತೀರಕ್ಕೆ ಹೊರಡಿ. ಅಮ್ಮನಿಗೂ ಅದೇ ಇಷ್ಟವಾಗುತ್ತದೆ.

ಉತ್ತರ – ವಿಕ್ಟೋರಿಯಾ ವಾಸಿ

ಎರಡು ಗಂಟೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಚರಿತ್ರೆಯ ಮೇಷ್ಟ್ರೊಬ್ಬರನ್ನು ಕರೆದುಕೊಂಡು ಬಂದು ಹಾಗೆ ಓಡಿಸಬೇಡಿ. ನಾನು ಹತ್ತಿರದ ಊರಿನವಳು, ಮನೆಗೆ ಬಂದ ನೆಂಟರನ್ನೆಲ್ಲ ಅಲ್ಲಿಗೆ ಕರೆದೊಯ್ಯುತ್ತೇನೆ.

ಹ್ಯೂಸ್ಟನ್‌ನಿಂದ ಸುಮಾರು 150 ಮೈಲಿ. ಹೆದ್ದಾರಿ 59 ಹಿಡಿದು ವಿಕ್ಟೋರಿಯಾ ದಾಟಿದ ಮೇಲೆ, ಗೋಲಿಯಾಡ್‌ಗೆ ಮೊದಲೇ ಫ್ಯಾನಿನ್ ರಣಭೂಮಿ ಸಿಗುತ್ತದೆ. ಮೊದಲು ಅಲ್ಲಿ ಇಳಿಯಿರಿ. ಬರಿಯ ಹುಲ್ಲುಗಾವಲು ಎಂದು ಹಲವರು ಕಾರು ನಿಲ್ಲಿಸುವುದೇ ಇಲ್ಲ, ಆದರೆ ನಡೆದದ್ದು ತಿಳಿಯುವುದೇ ಆ ಬಯಲಿನಿಂದ. 1836ರ ಮಾರ್ಚ್ 19ರಂದು ಟೆಕ್ಸಸ್ ಪಡೆಯ ನಾಯಕ ಫ್ಯಾನಿನ್‌ನ ಸುಮಾರು 300 ಜನರನ್ನು ಮೆಕ್ಸಿಕೊದ ಸೇನೆ ಹೀಗೆ ಬಟ್ಟಬಯಲಿನಲ್ಲೇ ಸುತ್ತುವರಿಯಿತು. ಮರೆಗೆ ಒಂದು ಮರವಿಲ್ಲ. ಗಾಯಗೊಂಡವರಿಗೆ ಕೊಡಲು ನೀರಿಲ್ಲ, ಕಾದ ಫಿರಂಗಿಗಳನ್ನು ತಣಿಸಲೂ ನೀರಿಲ್ಲ. ಮರುದಿನ ಅವರು ಶರಣಾದರು.

ಅಲ್ಲಿಂದ ಸೆರೆಯಾಳುಗಳನ್ನು ಒಯ್ದ ಜಾಗವೇ ಪ್ರೆಸಿಡಿಯೊ ಲಾ ಬಾಹಿಯಾ ಎಂಬ ಸ್ಪ್ಯಾನಿಷ್ ಕೋಟೆ. 1749ರಲ್ಲಿ ಇಲ್ಲಿ ನೆಲೆಗೊಂಡದ್ದು, 1960ರ ದಶಕದಲ್ಲಿ ಜೀರ್ಣೋದ್ಧಾರವಾಯಿತು. ಕಲ್ಲಿನ ಗೋಡೆಗಳ ನಡುವೆ ಹುಲ್ಲಿನ ವಿಶಾಲ ಅಂಗಳವಿದೆ, ತಂದೆಯವರು ನಿಧಾನವಾಗಿ ನಡೆದಾಡಬಹುದು. ಒಂದು ಮೂಲೆಯಲ್ಲಿ ಪುಟ್ಟ ಚರ್ಚು. ಬಾಗಿಲ ಮೇಲಿನ ಗೂಡಿನಲ್ಲಿ ಲೊರೆಟೊ ಮಾತೆಯ ವಿಗ್ರಹವಿದೆ. ಅದನ್ನು ಮಾಡಿದವರು ಲಿಂಕನ್ ಬೋರ್ಗ್ಲಮ್, ತಮ್ಮ ತಂದೆಯ ಬಳಿಕ ರಶ್‌ಮೋರ್ ಬೆಟ್ಟದ ಕೆತ್ತನೆಯನ್ನು ಪೂರೈಸಿದವರು. ಒಳಗೆ ಬಲಿಪೀಠದ ಹಿಂದಿನ ಗೋಡೆಚಿತ್ರವನ್ನು 1946ರಲ್ಲಿ ಆಂಟೋನಿಯೊ ಗಾರ್ಸಿಯಾ ಬರೆದರು. ಗಾಯಾಳುಗಳೂ ಸೇರಿ ಸೆರೆಯಾಳುಗಳನ್ನು ಮೊದಲು ತುಂಬಿಸಿದ್ದು ಈ ಇಕ್ಕಟ್ಟಾದ ಚರ್ಚಿನೊಳಗೆ. ಇಂದಿಗೂ ಅಲ್ಲಿ ಬಲಿಪೂಜೆ ನಡೆಯುತ್ತದೆ.

ಮಾರ್ಚ್ 27, ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರ, ಮೆಕ್ಸಿಕೊ ಸೇನೆಯ ದಂಡನಾಯಕ ಸಾಂಟಾ ಅನ್ನಾನ ಆಜ್ಞೆಯಂತೆ ನಡೆಯಬಲ್ಲ ಸೆರೆಯಾಳುಗಳನ್ನು ಮೂರು ಗುಂಪುಗಳಾಗಿ ಹೊರಗೆ ನಡೆಸಿ ಗುಂಡಿಕ್ಕಲಾಯಿತು. ಗಾಯಾಳುಗಳು, ಬೇರೆಡೆ ಸೆರೆಸಿಕ್ಕವರು ಎಲ್ಲ ಸೇರಿ ಸತ್ತವರು ಸುಮಾರು 340. ಅಲಮೊದಲ್ಲಿ ಸತ್ತವರಿಗಿಂತ ಹೆಚ್ಚು, ಅದೂ ಆಯುಧ ಕೆಳಗಿಟ್ಟವರು. ಸೆರೆಯಾಳುಗಳಲ್ಲಿದ್ದ ವೈದ್ಯ ಶ್ಯಾಕಲ್‌ಫರ್ಡ್ ಅವರನ್ನು ಮೆಕ್ಸಿಕೊದ ಗಾಯಾಳುಗಳ ಆರೈಕೆಗೆಂದು ಉಳಿಸಿಕೊಂಡರು. ಅವರ ಮಗ ಸತ್ತದ್ದು ಅದೇ ಗುಂಡಿನ ಸದ್ದಿನಲ್ಲಿ. ಕೋಟೆಯಿಂದ ತುಸು ದೂರದಲ್ಲಿ ಸಮಾಧಿಯ ಮೇಲೆ ನಸುಗೆಂಪು ಗ್ರಾನೈಟಿನ ಸ್ಮಾರಕವಿದೆ, ಕಾರಿನಲ್ಲೂ ಹೋಗಬಹುದು. ಅಲ್ಲಿ ಕೆತ್ತಿದ ಹೆಸರುಗಳನ್ನು ತಂದೆಯವರು ಒಂದೊಂದಾಗಿ ಓದಲಿ, ಅವಸರಪಡಿಸಬೇಡಿ.

ಇಷ್ಟು ನೋಡಿ ಹಿಂತಿರುಗಿದರೆ ಅರ್ಧ ಕಥೆ ಕೇಳಿದಂತೆ. ಕೋಟೆಯ ಪಕ್ಕದಲ್ಲೇ ಜನರಲ್ ಇಗ್ನಾಸಿಯೊ ಸರಗೋಸಾ ಹುಟ್ಟಿದ ಜಾಗವಿದೆ. ಇದೆಲ್ಲ ಮೆಕ್ಸಿಕೊದ ನೆಲವಾಗಿದ್ದ 1829ರಲ್ಲಿ ಇಲ್ಲಿ ಹುಟ್ಟಿದ ಅವರು, 1862ರ ಮೇ 5ರಂದು ಪ್ವೆಬ್ಲಾದಲ್ಲಿ ಫ್ರೆಂಚರನ್ನು ಸೋಲಿಸಿದರು. ಟೆಕ್ಸಸ್ ಪಾಲಿನ ಹುತಾತ್ಮರು, ಮೆಕ್ಸಿಕೊ ಪಾಲಿನ ವೀರ, ಇಬ್ಬರ ಗುರುತೂ ಕೂಗಳತೆಯಲ್ಲಿ. ಸಾವಿನ ದವಡೆಯಿಂದ ಕೆಲವು ಸೆರೆಯಾಳುಗಳನ್ನು ಉಳಿಸಿದ ಫ್ರಾನ್ಸಿಸ್ಕಾ ಆಲ್ವಾರೆಸ್ ಎಂಬಾಕೆಯೂ ಮೆಕ್ಸಿಕೊದ ಸೇನೆಯೊಂದಿಗೆ ಬಂದವಳೇ. ನಾನು ಈ ಊರನ್ನು ಅಲಮೊಗಿಂತ ಮೇಲೆ ಇಡುವುದು ಇದಕ್ಕಾಗಿಯೇ: ಇಲ್ಲಿ ಒಂದೇ ಪಕ್ಷದ ಕಥೆ ಕೇಳಿ ಹೊರಡಲು ಸಾಧ್ಯವಿಲ್ಲ.

ಕೊನೆಗೆ ನದಿ ದಾಟಿ ಸ್ಟೇಟ್ ಪಾರ್ಕ್‌ನಲ್ಲಿರುವ ಎಸ್ಪಿರಿತು ಸಾಂತೊ ಮಿಷನ್‌ಗೆ, ಅಂದರೆ ಸ್ಪ್ಯಾನಿಷ್ ಪಾದ್ರಿಗಳ ಹಳೆಯ ಧರ್ಮಪ್ರಚಾರ ಕೇಂದ್ರಕ್ಕೆ ಹೋಗಿ. ಅರನಾಮ ಮೂಲನಿವಾಸಿಗಳ ದುಡಿಮೆಯಿಂದ ಸಾವಿರಾರು ದನಗಳನ್ನು ಸಾಕಿದ ಜಾಗ. ಟೆಕ್ಸಸ್‌ನ ದನಗಾಹಿ ಬದುಕಿನ ಬೇರು ಇಲ್ಲಿದೆ. ಈಗ ಕಾಣುವ ಬಿಳಿ ಕಟ್ಟಡವನ್ನು 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಸರ್ಕಾರ ಕೆಲಸ ಕೊಟ್ಟ ಯುವಕರು ಪಾಳುಗೋಡೆಗಳಿಂದ ಮತ್ತೆ ಎತ್ತಿ ನಿಲ್ಲಿಸಿದರು.

ಪ್ರಶ್ನೆ ಕೇಳಿದವರು

ಅಪ್ಪನಿಗೆ ಓದಿ ಹೇಳಿದೆ. ಸರಗೋಸಾ ಹೆಸರು ಕೇಳಿದ್ದೇ ಎದ್ದು ಕುಳಿತರು! ರಾತ್ರಿ ಎಲ್ಲಿ ಉಳಿಯಬಹುದು? ಅಮ್ಮನಿಗೆ ಯುದ್ಧ, ಸಮಾಧಿ ಬೇಡವಂತೆ.

ಉತ್ತರ – ವಿಕ್ಟೋರಿಯಾ ವಾಸಿ

ಕೋಟೆಯೊಳಗೆ ಹಿಂದೆ ಪಾದ್ರಿಗಳು ಇರುತ್ತಿದ್ದ ಕೋಣೆಗಳನ್ನೇ ಬಾಡಿಗೆಗೆ ಕೊಡುತ್ತಾರೆ, ಮುಂಚೆಯೇ ಕಾಯ್ದಿರಿಸಿ. ಮಾರ್ಚ್ ಕೊನೆಯಲ್ಲಿ ಅಲ್ಲೇ ಆ ದಿನಗಳ ಪುನರಭಿನಯವೂ ನಡೆಯುವುದರಿಂದ ಕೋಣೆ ಸಿಗುವುದು ಕಷ್ಟ. ದಿನಾಂಕವನ್ನು ಕೋಟೆಯವರಿಂದಲೇ ಕೇಳಿಕೊಳ್ಳಿ.

ತಾಯಿಯವರಿಗೆ ಆ ಹೊತ್ತಿನಲ್ಲಿ ರಸ್ತೆಬದಿಯ ನೀಲಿ ಬ್ಲೂಬಾನೆಟ್ ಹೂಗಳೇ ಸಾಕು. ಊರ ನಡುವೆ 1894ರ ನ್ಯಾಯಾಲಯ ಕಟ್ಟಡವಿದೆ, ಸುತ್ತಲೂ ಓಕ್ ಮರಗಳ ನೆರಳು. ಅವುಗಳಲ್ಲಿ ಒಂದರ ಕೆಳಗೇ ಹಿಂದೆ ವಿಚಾರಣೆ ನಡೆಸಿ, ಅಲ್ಲೇ ಗಲ್ಲಿಗೇರಿಸುತ್ತಿದ್ದರು. ಅದನ್ನು ತಾಯಿಯವರಿಗೆ ಹೇಳದಿದ್ದರೂ ನಡೆದೀತು, ಮೇಷ್ಟ್ರಿಗೆ ಮಾತ್ರ ಫಲಕ ತೋರಿಸಿ. ಮಧ್ಯಾಹ್ನದ ಬಿಸಿಲು ಮಾರ್ಚ್‌ನಲ್ಲೂ ಚುರುಕು. ರಣಭೂಮಿಯನ್ನು ಬೆಳಗ್ಗೆಯೇ ಮುಗಿಸಿಕೊಳ್ಳಿ, ನೀರು ಜೊತೆಗಿರಲಿ.