ಪ್ರೈಮವೆರಾದಲ್ಲಿ ಸರಿ ಇದೆ, 4ಡಿಯಲ್ಲಿ ಪಿಯರ್ ಎದ್ದ ಮೇಲೆ ಪೈಲ್ ಶುರುವಾಗುತ್ತಿದೆ: ಸಹಾಯ ಬೇಕು

ಸ್ಪ್ಯಾನ್_ಲೆಕ್ಕ
ಮೂರು ದಿನದಿಂದ ಇದರ ಹಿಂದೆಯೇ ಬಿದ್ದಿದ್ದೇನೆ. ಮೇಲ್ಸೇತುವೆ ಕೆಲಸ. ಶೆಡ್ಯೂಲ್ ಪ್ರೈಮವೆರಾ ಅನ್ನುವ ಪ್ಲಾನಿಂಗ್ ಸಾಫ್ಟ್‌ವೇರ್‌ನಲ್ಲಿದೆ, ಲಾಜಿಕ್ (ಯಾವ ಕೆಲಸದ ನಂತರ ಯಾವುದು ಅನ್ನುವ ಕೊಂಡಿಗಳು) ಎಲ್ಲ ಸರಿ ಇದೆ, ಎಫ್9 ಒತ್ತಿ ಒತ್ತಿ ಮತ್ತೆ ಲೆಕ್ಕ ಹಾಕಿಸಿ ನೋಡಿದ್ದೇನೆ. 3ಡಿ ಮಾಡೆಲ್ ಜೊತೆ ಜೋಡಿಸಿ ನೇವಿಸ್‌ವರ್ಕ್ಸ್‌ನ ಟೈಮ್‌ಲೈನರ್‌ನಲ್ಲಿ 4ಡಿ (3ಡಿ ಜೊತೆಗೆ ಸಮಯ) ವಿಡಿಯೋ ಆಗಿ ಓಡಿಸಿದರೆ ಮಾತ್ರ ಪಿಯರ್ (ಸೇತುವೆ ಹೊರುವ ಕಂಬ) ಪೂರ್ತಿ ಎದ್ದು ನಿಂತಿರುತ್ತದೆ, ಎಷ್ಟೋ ತಿಂಗಳಾದ ಮೇಲೆ ಅದರ ಕೆಳಗಿನ ಪೈಲ್ (ನೆಲದೊಳಗಿನ ಅಡಿಪಾಯದ ಕಂಬ) ಹಸಿರು ಬಣ್ಣದಲ್ಲಿ ಶುರುವಾಗುತ್ತದೆ. ಶುಕ್ರವಾರ ಕ್ಲೈಂಟ್‌ಗೆ ತೋರಿಸಬೇಕು. ಸೆಟ್ಟಿಂಗ್ ಎಲ್ಲ ನೋಡಿ ಆಯ್ತು. ಯಾರಿಗಾದರೂ ಹೀಗೆ ಆಗಿದೆಯಾ?

ಹಳೇ_ಪ್ಲಾನರ್
ಶೆಡ್ಯೂಲ್ ಹೇಗೆ ತಂದಿರಿ? ಸಿಎಸ್‌ವಿ (ಬರೀ ಅಕ್ಷರದ ಪಟ್ಟಿ ಫೈಲ್) ಆದರೆ ಕಾರಣ ಅಲ್ಲೇ ಇದೆ. ದಿನ-ತಿಂಗಳು ಅದಲುಬದಲಾಗಿರುತ್ತದೆ. 03/04 ಅಂದರೆ ನಿಮಗೆ ಏಪ್ರಿಲ್ 3, ಕಂಪ್ಯೂಟರ್‌ಗೆ ಮಾರ್ಚ್ 4. ತಾರೀಖು 12 ದಾಟಿದರೆ ಅದಲುಬದಲು ಮಾಡಲು ಬರುವುದಿಲ್ಲ, ಹಾಗಾಗಿ ಕೆಲವು ಸರಿ, ಕೆಲವು ತಪ್ಪು. ನಿಮ್ಮದು ಹಾಗೇ ಕಾಣುತ್ತಿದೆ.

ಸ್ಪ್ಯಾನ್_ಲೆಕ್ಕ
ಸಿಎಸ್‌ವಿಯೇ ಸರ್. ಆದರೆ ಟೈಮ್‌ಲೈನರ್ ಪಟ್ಟಿಯ ತಾರೀಖುಗಳೂ ಪ್ರೈಮವೆರಾದ ತಾರೀಖುಗಳೂ ಒಂದೇ ಇವೆ. ಇಪ್ಪತ್ತು ಸಾಲು ಹೋಲಿಸಿ ನೋಡಿದೆ.

ಹಳೇ_ಪ್ಲಾನರ್
ಇಪ್ಪತ್ತು ಸಾಲು ಸಾಲದು. ಎಲ್ಲವನ್ನೂ ನೋಡಿ. ನಾನು ಇದೇ ತಪ್ಪನ್ನು ಎಷ್ಟೋ ಸಲ ಹಿಡಿದಿದ್ದೇನೆ. ಕಂಪ್ಯೂಟರ್‌ನ ಪ್ರಾದೇಶಿಕ ತಾರೀಖು ಸೆಟ್ಟಿಂಗ್ ಬದಲಿಸಿ ಮತ್ತೆ ತನ್ನಿ.

ಫ್ಲೋಟ್_ಸೊನ್ನೆ
ತಾರೀಖು ಅಲ್ಲ ಅಂತ ಅವರೇ ಹೇಳುತ್ತಿದ್ದಾರಲ್ಲ. ನೀವು ರಿಟೇನ್ಡ್ ಲಾಜಿಕ್ (ಮುಂಚಿನ ಕೆಲಸ ಮುಗಿಯುವವರೆಗೆ ಉಳಿದ ಭಾಗ ಕಾಯುವುದು) ಇಟ್ಟಿದ್ದೀರಾ, ಪ್ರೋಗ್ರೆಸ್ ಓವರ್‌ರೈಡಾ? ಓವರ್‌ರೈಡ್ ಇದ್ದರೆ, ಮುಂಚಿನ ಕೆಲಸ ಮುಗಿಯದೆಯೇ ಶುರುವಾದ ಕೆಲಸದ ಉಳಿದ ಭಾಗ ಯಾರಿಗೂ ಕಾಯದೆ ಮುಂದೆ ಹೋಗುತ್ತದೆ. ಕ್ರಮ ಕೆಡುವುದು ಹೀಗೇ. ಪ್ಲಾನರ್ ಆದವರು ಓವರ್‌ರೈಡ್ ಮುಟ್ಟಲೇಬಾರದು.

ಹಳೇ_ಪ್ಲಾನರ್
ಮುಟ್ಟಲೇಬಾರದು ಅನ್ನೋದು ಜಾಸ್ತಿ ಆಯ್ತು. ಸೈಟ್‌ನಲ್ಲಿ ನಿಜಕ್ಕೂ ಕ್ರಮ ಬದಲಾಗಿದ್ದರೆ ಹಳೆಯ ಲಾಜಿಕ್ ಹಿಡಿದು ಕೂರುವುದೇ ತಪ್ಪು.

ಫ್ಲೋಟ್_ಸೊನ್ನೆ
ಕ್ರಮ ಬದಲಾಗಿದ್ದರೆ ಲಾಜಿಕ್ ತಿದ್ದಬೇಕು ಸರ್. ಬಟನ್ ಒತ್ತಿ ಮುಚ್ಚಿಡುವುದಲ್ಲ. ವಿಳಂಬದ ಲೆಕ್ಕ ಕೇಳಿದಾಗ ಏನು ತೋರಿಸುತ್ತೀರಿ?

ಸ್ಪ್ಯಾನ್_ಲೆಕ್ಕ
ದಯವಿಟ್ಟು ನನ್ನ ಸಮಸ್ಯೆಗೆ ಬನ್ನಿ. ಕೆಲಸ ಇನ್ನೂ ಶುರುವೇ ಆಗಿಲ್ಲ, ಇದು ಬೇಸ್‌ಲೈನ್, ಅಂದರೆ ಮೊದಲ ಯೋಜನೆ. ಪ್ರೋಗ್ರೆಸ್ ಸೊನ್ನೆ. ಎರಡೂ ಆಯ್ಕೆ ಹಾಕಿ ನೋಡಿದೆ, ಒಂದು ದಿನವೂ ಅಲುಗಲಿಲ್ಲ.

ಮೂರು_ಪರದೆ
ಯಂತ್ರ ಯಾವುದು? ನನ್ನ ಹತ್ತಿರ 128 ಜಿಬಿ ರ್‍ಯಾಮ್, ಮೂರು ಪರದೆ. ಒಂದರಲ್ಲಿ ಗ್ಯಾಂಟ್ (ಶೆಡ್ಯೂಲ್‌ನ ಪಟ್ಟಿ ನಕ್ಷೆ), ಒಂದರಲ್ಲಿ ಮಾಡೆಲ್, ಮತ್ತೊಂದರಲ್ಲಿ ಡ್ರಾಯಿಂಗ್. ಬೆಂಟ್ಲಿಯವರು 2018ರಲ್ಲಿ ಸಿಂಕ್ರೋ ಅನ್ನುವ 4ಡಿ ಸಾಫ್ಟ್‌ವೇರ್ ಕೊಂಡ ಮೇಲೆ ನಾನು ಅದಕ್ಕೇ ಬಂದೆ. ಇಡೀ ಕಾರಿಡಾರ್ ಮಾಡೆಲ್ ತೆರೆದರೂ ತಡವರಿಸುವುದಿಲ್ಲ.

ಫ್ಲೋಟ್_ಸೊನ್ನೆ
ರ್‍ಯಾಮ್ ಕಡಿಮೆ ಇದ್ದರೆ ನಿಧಾನ ಆಗುತ್ತದೆ. ಪೈಲ್‌ಗಿಂತ ಮೊದಲು ಪಿಯರ್ ಏಳುವುದಿಲ್ಲ.

ಕಾರಿಡಾರ್_ಗೆಳತಿ
ಒಂದು ಪ್ರಶ್ನೆ. ತಪ್ಪು ಕಾಣುತ್ತಿರುವುದು ಯಾವ ಪಿಯರ್‌ಗಳಲ್ಲಿ? ನಂಬರ್ ಹೇಳಿ.

ಸ್ಪ್ಯಾನ್_ಲೆಕ್ಕ
ಒಟ್ಟು 24 ಪಿಯರ್. ಪಿ1ರಿಂದ ಪಿ9ರವರೆಗೆ ಚೆನ್ನಾಗಿ ಬರುತ್ತಿದೆ. ಪಿ10ರಿಂದ ಪಿ24ರವರೆಗೆ ಎಲ್ಲವೂ ಕೆಟ್ಟಿದೆ. ಅದನ್ನು ಮೊದಲೇ ಹೇಳಬೇಕಿತ್ತೇನೋ. ಆ ಭಾಗದ ಜಾಗ ತಡವಾಗಿ ಸಿಗುತ್ತದೆ, ಬೇರೆ ಕ್ಯಾಲೆಂಡರ್ ಇದೆ, ಅದರಿಂದಲೇ ಇರಬೇಕು ಅಂದುಕೊಂಡಿದ್ದೆ.

ಕಾರಿಡಾರ್_ಗೆಳತಿ
ಕ್ಯಾಲೆಂಡರ್ ಬಿಡಿ. ಮಾಡೆಲ್‌ನ ತುಂಡುಗಳನ್ನು ಕೆಲಸಗಳಿಗೆ ಜೋಡಿಸಿದ್ದು ಹೇಗೆ? ಕೈಯಲ್ಲಿ ಆರಿಸಿದಿರಾ, ಸರ್ಚ್ ಸೆಟ್ (ಷರತ್ತು ಕೊಟ್ಟು ಹುಡುಕಿಸಿದ ಗುಂಪು) ಮಾಡಿದಿರಾ? ಸರ್ಚ್ ಸೆಟ್ ಆದರೆ ಷರತ್ತು ಏನು ಬರೆದಿದ್ದೀರಿ?

ಸ್ಪ್ಯಾನ್_ಲೆಕ್ಕ
ಸರ್ಚ್ ಸೆಟ್. ಡಿಸೈನರ್ ಪ್ರತಿ ತುಂಡಿಗೂ ಪಿ1-ಪೈಲ್-3, ಪಿ1-ಪೈಲ್‌ಕ್ಯಾಪ್, ಪಿ1-ಪಿಯರ್ ಅಂತ ಹೆಸರು ಕೊಟ್ಟಿದ್ದಾರೆ (ಪೈಲ್‌ಕ್ಯಾಪ್ ಅಂದರೆ ಪೈಲ್‌ಗಳ ತಲೆಯ ಮೇಲೆ, ಪಿಯರ್ ಕೆಳಗೆ ಬರುವ ದಪ್ಪ ಕಾಂಕ್ರೀಟ್). ಹೆಸರಲ್ಲಿ ‘ಪಿ1’ ಇರಬೇಕು, ‘ಪೈಲ್’ ಇರಬೇಕು. ಕಂಟೇನ್ಸ್ ಷರತ್ತು, ಅಂದರೆ ಆ ಅಕ್ಷರ ಹೆಸರಲ್ಲಿ ಎಲ್ಲಿದ್ದರೂ ಸಾಕು. ಸೆಟ್ ಹೆಸರೂ ಕೆಲಸದ ಹೆಸರೂ ಒಂದೇ, ರೂಲ್ ಹಾಕಿ ಒಂದೇ ಸಲಕ್ಕೆ ಜೋಡಿಸಿದೆ.

ಕಾರಿಡಾರ್_ಗೆಳತಿ
ಸಿಕ್ಕಿತು. ‘ಪಿ10’ ಅನ್ನುವುದರೊಳಗೂ ‘ಪಿ1’ ಇದೆ. ಪಿ11, ಪಿ12, ಪಿ19ರವರೆಗೂ ಅದೇ ಕಥೆ. ಹಾಗಾಗಿ ಪಿ1ರ ಪೈಲ್ ಶುರುವಾದ ದಿನವೇ ಆ ಹತ್ತು ಪಿಯರ್‌ಗಳ ಪೈಲೂ ಏಳುತ್ತವೆ, ಪಿ1ರ ಪಿಯರ್ ಜೊತೆ ಅವುಗಳ ಪಿಯರೂ ಏಳುತ್ತವೆ. ಪಿ20ರಿಂದ ಪಿ24 ಪಿ2ರ ಜೊತೆ ಹೋಗುತ್ತವೆ. ಆಮೇಲೆ ಅವುಗಳ ಸ್ವಂತ ಕೆಲಸದ ತಾರೀಖು ಬಂದಾಗ ಪೈಲ್ ಮತ್ತೆ ಹಸಿರಾಗುತ್ತದೆ, ಪಿಯರ್ ಮೇಲೆ ನಿಂತೇ ಇರುತ್ತದೆ. ಶೆಡ್ಯೂಲ್‌ನಲ್ಲಿ ಏನೂ ತಪ್ಪಿಲ್ಲ. ಟೈಮ್‌ಲೈನರ್‌ನಲ್ಲಿ ಒಂದಕ್ಕಿಂತ ಹೆಚ್ಚು ಕೆಲಸಗಳಿಗೆ ಅಂಟಿದ ತುಂಡುಗಳನ್ನು ಹುಡುಕುವ ಆಯ್ಕೆ ಇದೆ. ಅದನ್ನು ಒತ್ತಿ, ಪಿ10ರಿಂದ ಮುಂದಿನದೆಲ್ಲ ಬೆಳಗುತ್ತದೆ. ಸದ್ಯಕ್ಕೆ ‘ಪಿ1’ ಇರುವ ಕಡೆ ‘ಪಿ1-’ ಅಂತ ಗೆರೆ ಸೇರಿಸಿ ಬರೆಯಿರಿ ಸಾಕು.

ಹಳೇ_ಪ್ಲಾನರ್
ಇದು ಸರಿ ಕಾಣುತ್ತದೆ. ಆದರೂ ತಾರೀಖು ಸೆಟ್ಟಿಂಗ್ ಒಮ್ಮೆ ನೋಡಿಬಿಡಿ.

ಸ್ಪ್ಯಾನ್_ಲೆಕ್ಕ
ಒತ್ತಿದೆ. ಹದಿನೈದು ಪಿಯರೂ ಬೆಳಗಿದವು! 24 ಜಾಗಕ್ಕೂ ಗೆರೆ ಸೇರಿಸಿದೆ, ಕ್ರಮ ಸರಿಯಾಯಿತು. ಮೂರು ರಾತ್ರಿ ಶೆಡ್ಯೂಲನ್ನು ಸುಮ್ನೆ ಬೈದೆ. ತುಂಬಾ ಥ್ಯಾಂಕ್ಸ್ ಅಕ್ಕ. ಆದರೆ ಆ ಆಯ್ಕೆ ಈಗಲೂ ಎಲ್ಲ ಪೈಲ್‌ಕ್ಯಾಪ್‌ಗಳನ್ನು ತೋರಿಸುತ್ತಿದೆ. ಪೈಲ್ ಶುರುವಾದಾಗಲೇ ಪೈಲ್‌ಕ್ಯಾಪೂ ಏಳುತ್ತಿದೆ, ಪಿ1ರಲ್ಲೂ. ಇಷ್ಟು ದಿನ ಗಮನಿಸಿರಲಿಲ್ಲ.

ಕಾರಿಡಾರ್_ಗೆಳತಿ
‘ಪೈಲ್‌ಕ್ಯಾಪ್’ ಒಳಗೂ ‘ಪೈಲ್’ ಇದೆ ಅಲ್ವಾ. ಅಲ್ಲಿ ‘ಪೈಲ್-’ ಮಾಡಿ. ಇದು ಶುಕ್ರವಾರದ ಮಟ್ಟಿಗೆ. ಆಮೇಲೆ ಡಿಸೈನರ್ ಹತ್ತಿರ ಪ್ರತಿ ತುಂಡಿಗೂ ಆಕ್ಟಿವಿಟಿ ಐಡಿ ಅಂತ ಒಂದು ಪ್ರಾಪರ್ಟಿ ಹಾಕಿಸಿ, ಈಕ್ವಲ್ಸ್ (ಪೂರ್ತಿ ಒಂದೇ ಇರಬೇಕು) ಷರತ್ತಿನಲ್ಲಿ ಜೋಡಿಸಿ. ಕೈಯಲ್ಲಿ ಆರಿಸಿ ಉಳಿಸಿದ ಸೆಟ್ ಬೇಡ. ಮಾಡೆಲ್ ಹೊಸದಾಗಿ ಬಂದಾಗ ಅದು ಕೈಕೊಡಬಹುದು. ಸರ್ಚ್ ಸೆಟ್ ಆದರೆ ಪ್ರತಿ ಸಲ ಹೊಸದಾಗಿ ಹುಡುಕುತ್ತದೆ, ಮಾಡೆಲ್‌ಗೆ ಸೇರಿಸಿದ ತುಂಡೂ ಸಿಗುತ್ತದೆ.

ಮೂರು_ಪರದೆ
ಸಿಂಕ್ರೋದಲ್ಲೂ ರೂಲ್ ಹಾಕಿ ಜೋಡಿಸಬಹುದು. ಬೇಕಾದರೆ ನನ್ನ ಮೂರು ಪರದೆಯ ಫೋಟೋ ಹಾಕುತ್ತೇನೆ.

ಗೆರೆ_ಗಡಿ
ರಸ್ತೆ, ರೈಲು, ಮೇಲ್ಸೇತುವೆ ಇಂಥ ಉದ್ದದ ಕೆಲಸಕ್ಕೆ 4ಡಿ ಒಂದೇ ಸಾಲದು ಅನ್ನುವವನು ನಾನು. ಒಂದು ಅಕ್ಷದಲ್ಲಿ ಚೈನೇಜ್ (ಶುರುವಿನಿಂದ ಎಷ್ಟು ದೂರ ಅನ್ನುವುದು), ಇನ್ನೊಂದರಲ್ಲಿ ಸಮಯ ಇಟ್ಟು ನಕ್ಷೆ ಬರೆಯಿರಿ. ಪ್ರತಿ ತಂಡ ಒಂದು ಓರೆ ಗೆರೆ. ಎರಡು ಗೆರೆ ದಾಟಿದರೆ ಎರಡು ತಂಡ ಒಂದೇ ದಿನ ಒಂದೇ ಜಾಗದಲ್ಲಿವೆ ಅಂತ ಅರ್ಥ. ವಿಡಿಯೋದಲ್ಲಿ ಅದು ಎರಡು ಕ್ಷಣ ಬಂದು ಹೋಗುತ್ತದೆ, ಯಾರೂ ನೋಡುವುದಿಲ್ಲ.

ಹಳೇ_ಪ್ಲಾನರ್
ಕ್ಲೈಂಟ್‌ಗೆ ಓರೆ ಗೆರೆ ತೋರಿಸಿದರೆ ಏನು ಅರ್ಥವಾಗುತ್ತದೆ? ಅವರಿಗೆ ವಿಡಿಯೋನೇ ಬೇಕು.

ಗೆರೆ_ಗಡಿ
ಕ್ಲೈಂಟ್‌ಗೆ ವಿಡಿಯೋ, ನಮಗೆ ಗೆರೆ.

ಸ್ಪ್ಯಾನ್_ಲೆಕ್ಕ
ನಿನ್ನೆ ರಾತ್ರಿ ಕೂತು ಆ ನಕ್ಷೆ ಬರೆದೆ. ಪಿ13-ಪಿ14 ಸ್ಪ್ಯಾನ್‌ನಲ್ಲಿ (ಎರಡು ಪಿಯರ್ ನಡುವಿನ ಭಾಗ) ಗರ್ಡರ್ (ಮೇಲಿನ ತೊಲೆ) ಎತ್ತುವ ದಿನಗಳಲ್ಲೇ ಪಿ15ರ ಪೈಲಿಂಗ್ ರಿಗ್ (ಪೈಲ್ ಕೊರೆಯುವ ಯಂತ್ರ) ಅದರ ಕೆಳಗಿನ ದಾರಿಯಲ್ಲೇ ನಿಲ್ಲುತ್ತದೆ. ಎರಡರ ನಡುವೆ ಲಾಜಿಕ್ ಕೊಂಡಿಯೇ ಇಲ್ಲ, ಹಾಗಾಗಿ ಪ್ರೈಮವೆರಾ ಏನೂ ಹೇಳಲಿಲ್ಲ. ಶೆಡ್ಯೂಲ್ ಸರಿ ಇದೆ ಅಂತ ಮೊದಲ ಸಾಲಲ್ಲೇ ಬರೆದಿದ್ದೆ, ಆ ಮಾತು ವಾಪಸ್. ಕೊಂಡಿ ಹಾಕಿದೆ. ಕೊನೆಯ ತಾರೀಖು ಆರು ದಿನ ಮುಂದೆ ಹೋಯಿತು. ರಿಗ್ ಮೊದಲು ಪಿ15 ಮುಗಿಸಿ ಆಮೇಲೆ ಪಿ12ಕ್ಕೆ ಬಂದರೆ ಆರು ದಿನ ಉಳಿಯುತ್ತದಾ? ಜಾಗ ಅಷ್ಟರಲ್ಲಿ ಸಿಗಬೇಕು. ಬೆಳಿಗ್ಗೆ ಸೈಟ್ ಎಂಜಿನಿಯರ್‌ನ ಕೇಳಿ ಬರೆಯುತ್ತೇನೆ.