22 ಸಾವಿರದ ಸ್ಪೀಕರ್ ಕೇಬಲ್: ನಿಜಕ್ಕೂ ವ್ಯತ್ಯಾಸ ಕೇಳಿಸುತ್ತಾ?

ಕೇಳಿದವರು, ಮೈಸೂರು:

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಒಂದು ಜೊತೆ ಸ್ಪೀಕರ್ (38 ಸಾವಿರ), ಒಂದು ಆಂಪ್ಲಿಫೈಯರ್ (31 ಸಾವಿರ) ತಗೊಂಡೆ. ಸದ್ಯಕ್ಕೆ ಹಳೇ ಹೋಮ್ ಥಿಯೇಟರ್ ಜೊತೆ ಬಂದಿದ್ದ ತೆಳ್ಳನೆ ವೈರನ್ನೇ ಹಾಕಿದ್ದೀನಿ. ಅಂಗಡಿಯಲ್ಲಿ ಕೇಳಿದಾಗ ಇದ್ದ ತೂಕ ಮನೆಯಲ್ಲಿ ಇಲ್ಲ. ಕಛೇರಿ ಹಾಕಿದರೆ ಮೃದಂಗದ ತೊಪ್ಪಿ (ಎಡಗಡೆಯ ತಗ್ಗು ನಾದ) ಎಲ್ಲೋ ಪಕ್ಕದ ಮನೆಯಲ್ಲಿ ನುಡಿದ ಹಾಗಿರುತ್ತೆ. ಅಂಗಡಿಯವರನ್ನ ಕೇಳಿದ್ದಕ್ಕೆ "ಕೇಬಲ್ ಬದಲಾಯಿಸಿ ಸಾರ್" ಅಂತ 22 ಸಾವಿರದ ಒಂದು ಜೊತೆ ತೋರಿಸಿದರು. ಅಲ್ಲೇ ಹಾಕಿ ಕೇಳಿಸಿದರು ಕೂಡ. ಸುಳ್ಳು ಯಾಕೆ ಹೇಳಲಿ, ವ್ಯತ್ಯಾಸ ಕೇಳಿಸಿತು. ನಮ್ಮನೆಯವರು "ಆ ದುಡ್ಡಿಗೆ ಫ್ರಿಜ್ಜೇ ಬರುತ್ತೆ" ಅಂತಿದ್ದಾರೆ. ಬಳಸಿ ನೋಡಿದವರು ದಯವಿಟ್ಟು ಹೇಳಿ. ಓದಿದ್ದು ಬೇಡ, ಅನುಭವ ಬೇಕು.

ವೈರಿಂಗ್ ಕೆಲಸ, ಹುಬ್ಬಳ್ಳಿ:

ಅಲ್ರೀ ಸರ, 22 ಸಾವಿರದ ವೈರ್ ತಂದ್ರ ನಾವು ಒಂದು ಮನಿಗೇ ಎಳೀತೇವಿ! ಲೆಕ್ಕ ಹೇಳ್ತೇನಿ ಕೇಳ್ರಿ. 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಮೀಟರಿಗೆ ಸುಮಾರು 7.4 ಮಿಲಿಓಮ್ ರೋಧ. ಆಂಪ್ಲಿಫೈಯರಿಂದ ಸ್ಪೀಕರ್ ತನಕ 5 ಮೀಟರ್ ಅಂದ್ರ ಹೋಗಿಬರೋ ಹಾದಿ 10 ಮೀಟರ್, ಒಟ್ಟು 0.074 ಓಮ್. 8 ಓಮಿನ ಸ್ಪೀಕರ್ ಮುಂದ ಇದು ನೂರಕ್ಕ ಒಂದು ಭಾಗನೂ ಅಲ್ಲ. ಡೆಸಿಬೆಲ್ ಲೆಕ್ಕದಾಗ 0.08 ಹೋಗ್ತೈತಿ. ಅದು ಯಾರ ಕಿವಿಗೂ ಬೀಳಂಗಿಲ್ಲ.

ಆದ್ರ ನಿಮ್ಮ ತೆಳ್ಳನ್ನ ವೈರ್ 0.5 ಸ್ಕ್ವೇರ್ ಇದ್ರ ಮಾತು ಬ್ಯಾರೆ. ಅದರಾಗ 0.39 ಓಮ್ ಆಗ್ತೈತಿ. 8 ಓಮ್ ಅಂತ ಬರದ ಸ್ಪೀಕರ್ ಕೆಲವು ಸ್ವರಕ್ಕ 4 ಓಮಿಗೆ ಇಳೀತೈತಿ, ಅಲ್ಲೆ 0.8 ಡೆಸಿಬೆಲ್ ಹೋಗಿಬಿಡ್ತೈತಿ. ಇದು ಗೊತ್ತಾಗಬಹುದು. ಹಂಗಾಗಿ ವೈರ್ ಬದಲಿ ಮಾಡ್ರಿ, ಆದ್ರ 2.5ರ ಫ್ಲೆಕ್ಸಿಬಲ್ ತಾಮ್ರ ಹಾಕ್ರಿ, ಸಾಕು.

ಇನ್ನೊಂದು. ಬಜಾರದಾಗ "ಸ್ಪೀಕರ್ ವೈರ್" ಅಂತ ಮಾರೋದ್ರಾಗ ಅಲ್ಯೂಮಿನಿಯಂ ಮ್ಯಾಲೆ ತಾಮ್ರದ ಲೇಪ ಹೊಡದದ್ದು ಭಾಳ ಬರ್ತೈತಿ. ಒಂದು ಎಳಿ ತಗದು ಬ್ಲೇಡಿಲೆ ಕೆರದು ನೋಡ್ರಿ. ಹೊರಗ ಕೆಂಪು, ಒಳಗ ಬೆಳ್ಳಗ ಕಂಡ್ರ ಅಲ್ಯೂಮಿನಿಯಂ. ಹೊರಗ ಬೆಳ್ಳಗ, ಒಳಗ ಕೆಂಪು ಇದ್ರ ತವರದ ಲೇಪದ ತಾಮ್ರ, ಅದು ಚಲೋ ಮಾಲು. ಸುರುಳಿ ಕೈಯಾಗ ಹಿಡಿದಾಗಲೇ ಹಗುರ ಅನಿಸಿದ್ರ ಅನುಮಾನ ಪಡ್ರಿ. ಅಲ್ಯೂಮಿನಿಯಂನ ರೋಧ ತಾಮ್ರದ ಒಂದೂವರಿಪಟ್ಟಿಗಿಂತ ಜಾಸ್ತಿ.

ಬಸವನಗುಡಿ, ಬೆಂಗಳೂರು:

ಸಾರ್, ನೀವು "ವ್ಯತ್ಯಾಸ ಕೇಳಿಸಿತು" ಅಂದಿರಲ್ಲ, ಅದನ್ನ ನಾನು ಪೂರ್ತಿ ನಂಬ್ತೀನಿ. ನನಗೂ ಕೇಳಿಸಿತ್ತು. 2016ರಲ್ಲಿ ಸಿಡಿ ಪ್ಲೇಯರಿಂದ ಆಂಪ್ಲಿಫೈಯರಿಗೆ ಹಾಕೋ ಒಂದು ಮೀಟರ್ ಕೇಬಲಿಗೆ 14 ಸಾವಿರ ಕೊಟ್ಟೆ. ಎರಡು ವರ್ಷ ಬಂದವರಿಗೆಲ್ಲ ಕೇಳಿಸಿದೆ. ಬಂದವರೂ "ಹೌದು ಹೌದು" ಅಂದರು. ಕಾಫಿ ಕೊಟ್ಟವರ ಮನೆಯಲ್ಲಿ ಇನ್ನೇನು ಅಂತಾರೆ!

ಇಂಜಿನಿಯರಿಂಗ್ ಓದ್ತಿದ್ದ ಮಗಳು ಒಂದು ಭಾನುವಾರ "ಅಪ್ಪಾ, ನೋಡದೆ ಹೇಳು" ಅಂದಳು. ಆಗಲಿ ಅಂದೆ, ಗೆದ್ದೇ ಗೆಲ್ತೀನಿ ಅಂತ ಧೈರ್ಯ. ಅವಳು ಸ್ಟ್ಯಾಂಡ್ ಮುಂದೆ ಹಗ್ಗ ಕಟ್ಟಿ ಬೆಡ್‌ಶೀಟ್ ಇಳಿಬಿಟ್ಟಳು. ಒಂದು ಕಡೆ ನನ್ನ 14 ಸಾವಿರ, ಇನ್ನೊಂದು ಕಡೆ ಪ್ಲೇಯರ್ ಡಬ್ಬದಲ್ಲೇ ಬಂದಿದ್ದ ಕೆಂಪು ಬಿಳಿ ಪಿನ್ನಿನ ವೈರ್. ಮೊದಲು 400 ಹರ್ಟ್ಸ್ ಟೋನ್ ಹಾಕಿ ಎರಡರಲ್ಲೂ ಸ್ಪೀಕರ್ ಟರ್ಮಿನಲ್ಲಿನ ವೋಲ್ಟೇಜನ್ನ ಮಲ್ಟಿಮೀಟರಲ್ಲಿ ಅಳೆದಳು, ಒಂದೇ ಬಂತು. ಆಮೇಲೆ ಪ್ರತಿ ಸಲ ನಾಣ್ಯ ಚಿಮ್ಮಿ, ತಲೆ ಬಿದ್ದರೆ ಇದು, ಬಿಲ್ಲೆ ಬಿದ್ದರೆ ಅದು. ಒಂದೇ ವೀಣೆ ಆಲಾಪನೆಯ ಅದೇ ಅರ್ಧ ನಿಮಿಷ. ಕೇಬಲ್ ಬದಲಾಗಲಿ ಬಿಡಲಿ, ಪ್ರತಿ ಸಲವೂ ಪಿನ್ ಕಿತ್ತು ಸಿಕ್ಕಿಸೋಳು, ಸದ್ದಿನಿಂದ ನನಗೆ ಗೊತ್ತಾಗಬಾರದು ಅಂತ.

16 ಸಲದಲ್ಲಿ 7 ಸರಿ.

ಸೋತದ್ದು ದೊಡ್ಡ ವಿಷಯ ಅಲ್ಲ. ಅವಳು ನಾನು ಹೇಳಿದ ಮಾತುಗಳನ್ನೂ ನೋಟ್‌ಬುಕ್ಕಲ್ಲಿ ಬರೆದುಕೊಂಡಿದ್ದಳು. ಐದನೇ ಸಲ: "ಈಗ ನೋಡು, ಮೀಟು ಎಷ್ಟು ಬಿಡಿಬಿಡಿಯಾಗಿದೆ." ನಾಲ್ಕರಲ್ಲೂ ಐದರಲ್ಲೂ ಇದ್ದದ್ದು ಅದೇ ಡಬ್ಬದ ವೈರ್. ಮೀಟು ಬಿಡಿಬಿಡಿಯಾಗಿ ನನಗೆ ನಿಜವಾಗಿ ಕೇಳಿಸಿತ್ತು ಸಾರ್, ನಾಟಕ ಆಡಲಿಲ್ಲ. ಎರಡನೇ ಸಲ ಕೇಳೋವಾಗ ಗಮನ ಬೇರೆ ಕಡೆ ಹೋಗುತ್ತೆ, ಮೊದಲು ಬಿಟ್ಟದ್ದು ಈಗ ಸಿಗುತ್ತೆ, ಆ ಪುಣ್ಯ ಕೇಬಲ್ ಖಾತೆಗೆ ಜಮಾ ಆಗುತ್ತೆ.

ನನ್ನ ಕಿವಿಯೇ ಸರಿಯಿಲ್ಲ ಅನ್ನೋಕೆ ಹೊರಟವರಿಗೆ: 1994ರಲ್ಲಿ ಸ್ಪೀಕರ್ ತಯಾರಿಸೋ ಹರ್ಮನ್ ಕಂಪನಿಯ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 40 ಜನರನ್ನ ಕೂರಿಸಿ ನಾಲ್ಕು ಸ್ಪೀಕರ್ ಕೇಳಿಸಿದರು, ಒಮ್ಮೆ ಪರದೆ ಹಾಕಿ, ಒಮ್ಮೆ ತೆಗೆದು. ಪರದೆ ಹಿಂದೆ ಇದ್ದಾಗ ಒಳ್ಳೆ ಅಂಕ ಪಡೆದಿದ್ದ ಚಿಕ್ಕ, ಅಗ್ಗದ ಪ್ಲಾಸ್ಟಿಕ್ ಸೆಟ್, ಕಣ್ಣಿಗೆ ಬಿದ್ದ ಕೂಡಲೇ ಕೆಳಗಿಳಿಯಿತು. ಸ್ಪೀಕರುಗಳ ಮಧ್ಯೆ ನಿಜವಾದ ವ್ಯತ್ಯಾಸ ಇರುತ್ತೆ. ಅಂಥಲ್ಲೇ ಕಣ್ಣು ಇಷ್ಟು ಆಟ ಆಡಿಸಿದರೆ ಕೇಬಲ್ ಯಾವ ಲೆಕ್ಕ? 2007ರಲ್ಲಿ ಅಮೆರಿಕದ ಜಾದೂಗಾರ ಜೇಮ್ಸ್ ರ‍್ಯಾಂಡಿ, 7,250 ಡಾಲರಿನ ಒಂದು ಜೊತೆ ಸ್ಪೀಕರ್ ಕೇಬಲನ್ನ ಸಾಧಾರಣ ಕೇಬಲಿಂದ ಕೇಳಿ ಬೇರ್ಪಡಿಸಿದವರಿಗೆ ಹತ್ತು ಲಕ್ಷ ಡಾಲರ್ ಕೊಡ್ತೀನಿ ಅಂದಿದ್ದರು. ಆ ಪರೀಕ್ಷೆ ನಡೆಯಲೇ ಇಲ್ಲ.

ನಿಮ್ಮ ಅಂಗಡಿಯಲ್ಲಿ ಏನಾಯಿತು ಅಂತ ನಾನು ಕಂಡಿಲ್ಲ. ಆದರೆ ಒಂದು ನೆನಪಿಸಿಕೊಳ್ಳಿ: ಕೇಬಲ್ ಬದಲಾಯಿಸುವಾಗ ವಾಲ್ಯೂಮ್ ಕೆಳಗಿಳಿಸಿ ಮತ್ತೆ ಏರಿಸಿದ್ದರಾ? ಸ್ವಲ್ಪವೇ ಜೋರಾದರೂ ಕಿವಿಗೆ ಅದು "ಜೋರು" ಅನಿಸಲ್ಲ, "ಚೆನ್ನಾಗಿದೆ" ಅನಿಸುತ್ತೆ. ಮುಂದಿನ ಸಲ ಹೋದಾಗ ನೀವು ಬೆನ್ನು ತಿರುಗಿಸಿ ಕೂತು ಅವರಿಗೆ ನಾಣ್ಯ ಕೊಡಿ. 16ಕ್ಕೆ 12 ಸರಿ ಹೇಳಿದರೆ ತಗೊಳ್ಳಿ. ಬರೀ ಊಹೆಯಲ್ಲಿ ಅಷ್ಟು ಬರೋ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ.

ವಾಲ್ವ್ ಪ್ರೇಮಿ, ಶಿವಮೊಗ್ಗ:

ಬಸವನಗುಡಿಯವರ ಮಗಳಿಗೆ ನನ್ನ ಸಲಾಮು. ಆದರೆ ಈ ಚರ್ಚೆ ಶುರುವಾದರೆ ಸಾಕು, ಕೊನೆಗೆ ಎಲ್ಲರೂ "ಎಲ್ಲಾ ಒಂದೇ" ಅನ್ನೋಕೆ ಹೊರಡ್ತಾರೆ. ಅದಕ್ಕೆ ನನ್ನ ತಕರಾರಿದೆ.

ನನ್ನ ಹತ್ತಿರ ಇರೋದು ಚಿಕ್ಕ ವಾಲ್ವ್ ಆಂಪ್ಲಿಫೈಯರ್, ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವಿನದು. ಅದರ ಔಟ್‌ಪುಟ್ ಇಂಪಿಡೆನ್ಸ್ (ಅದರದೇ ಒಳಗಿನ ರೋಧ ಅನ್ನಿ) ಎರಡೂವರೆ ಓಮ್ ಹತ್ತಿರ. ಟ್ರಾನ್ಸಿಸ್ಟರಿನದಾದರೆ ಇಲ್ಲವೇ ಇಲ್ಲ ಅನ್ನುವಷ್ಟು. ನನ್ನ ಸ್ಪೀಕರ್ ಒಂದು ಸ್ವರಕ್ಕೆ 6 ಓಮ್, ಇನ್ನೊಂದು ಸ್ವರಕ್ಕೆ 20 ಓಮ್. ಲೆಕ್ಕ ಹಾಕಿದರೆ ಈ ಎರಡು ಸ್ವರಗಳ ನಡುವೆ 2 ಡೆಸಿಬೆಲ್ ಏರುಪೇರು ಬರುತ್ತೆ. ಇದು ಪರದೆ ಹಾಕಿದರೂ ಕೇಳಿಸೋ ವ್ಯತ್ಯಾಸ. ಗಾಯಕರ ದನಿ ತುಸು ಬೆಚ್ಚಗಾಗುತ್ತೆ. ಇಂಜಿನಿಯರ್ ಇದನ್ನ ದೋಷ ಅಂತಾನೆ, ನಾನು ರುಚಿ ಅಂತೀನಿ, ಇಬ್ಬರೂ ಸರಿ.

ರೆಕಾರ್ಡ್ ಪ್ಲೇಯರ್ ಇದ್ದವರಿಗೆ ಕೇಬಲ್ ಕೂಡ ಲೆಕ್ಕಕ್ಕೆ ಬರುತ್ತೆ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್ (ಸೂಜಿ ಹಿಡಿದಿರೋ ಭಾಗ) ಕೊಡೋದೇ 5 ಮಿಲಿವೋಲ್ಟ್ ಆಸುಪಾಸು. ಅದರ ಸುರುಳಿ, ಕೇಬಲಿನ ಕೆಪಾಸಿಟೆನ್ಸ್ (ವಿದ್ಯುತ್ ಹಿಡಿದಿಟ್ಟುಕೊಳ್ಳೋ ಗುಣ) ಜೊತೆ ಸೇರಿಕೊಂಡು ಮೇಲಿನ ತರಂಗಗಳನ್ನ ಎತ್ತುತ್ತೆ ಇಲ್ಲ ಇಳಿಸುತ್ತೆ. ಒಮ್ಮೆ ಉದ್ದದ ಕೇಬಲ್ ಹಾಕಿದ್ದಕ್ಕೆ ಪಿಟೀಲು ಸೂಜಿ ಚುಚ್ಚಿದ ಹಾಗಾಗಿತ್ತು. ಮದ್ದು ದುಬಾರಿ ಕೇಬಲ್ ಅಲ್ಲ, ಗಿಡ್ಡ ಕೇಬಲ್.

ಹಳೇ ಸೆಟ್ ಇಟ್ಟುಕೊಂಡವರು ಕೇಬಲ್ ಹುಡುಕೋ ಮೊದಲು ಮುಚ್ಚಳ ಬಿಚ್ಚಿಸಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ವರ್ಷ ಕಳೆದಂತೆ ಒಣಗುತ್ತವೆ, ಸ್ಪೀಕರ್ ಕೋನಿನ ಅಂಚಿನ ಫೋಮ್ ನಮ್ಮ ಮಲೆನಾಡಿನ ತೇವಕ್ಕೆ ಹಪ್ಪಳದ ಹಾಗೆ ಉದುರುತ್ತೆ. ನನ್ನ ಅಣ್ಣನ ಸೆಟ್ಟಿಗೆ ಕೆಪಾಸಿಟರ್ ಬದಲಾಯಿಸಲು ಖರ್ಚಾದದ್ದು ಕೂಲಿ ಸೇರಿ 900 ರೂಪಾಯಿ. ಗುಂಯ್ ಅನ್ನೋದು ನಿಂತೇ ಹೋಯಿತು.

ಮೈಕ್ ಸೆಟ್, ಉಡುಪಿ:

ಎಂತ ಮಾರಾಯ್ರೆ, ಇಷ್ಟೆಲ್ಲ ಹೇಳಿದ್ರಿ, ಅವರು ಕೇಳಿದ್ದು ತೊಪ್ಪಿ ಎಲ್ಲಿ ಹೋಯ್ತು ಅಂತ ಅಲ್ವಾ? ಅದಕ್ಕೆ ಬರ್ತೇನೆ.

ನಾವು ಯಕ್ಷಗಾನಕ್ಕೆ ಸೌಂಡ್ ಹಾಕುವವರು. ಚೌಕಿಯ (ವೇಷ ಕಟ್ಟುವ ಜಾಗ) ಹತ್ತಿರದಿಂದ ರಂಗಸ್ಥಳಕ್ಕೆ, ಅಲ್ಲಿಂದ ಮಿಕ್ಸರಿಗೆ 30 ಮೀಟರ್ ವೈರ್ ಎಳೆಯುದುಂಟು. ಅದರ ಪಕ್ಕದಲ್ಲೇ ಜನರೇಟರಿನ ಕರೆಂಟ್ ವೈರ್. ಆದ್ರೂ ಭಾಗವತರ ಮೈಕಿನಲ್ಲಿ ಗುಂಯ್ ಇಲ್ಲ. ಕಾರಣ ಮೂರು ಪಿನ್ನಿನ ಬ್ಯಾಲೆನ್ಸ್ಡ್ ಕೇಬಲ್. ಎರಡು ತಂತಿಯಲ್ಲಿ ಒಂದೇ ಸ್ವರ ನೇರವಾಗಿ, ತಿರುಗಾಗಿ ಹೋಗ್ತದೆ. ಹೊರಗಿನ ಗಲಾಟೆ ಎರಡರಲ್ಲೂ ಒಂದೇ ರೀತಿ ಕೂತ್ಕೊಳ್ತದೆ, ಮಿಕ್ಸರಿನಲ್ಲಿ ಕಳೆದಾಗ ಅದು ಹೋಗ್ತದೆ, ಸ್ವರ ಉಳೀತದೆ. ನಮ್ಮಲ್ಲಿ ಕೇಬಲ್ ಹಾಳಾಗುದು ಯಾವಾಗಲೂ ಜ್ಯಾಕಿನ ಬುಡದಲ್ಲಿ, ಬೆಸುಗೆ ಬಿಟ್ಟು. ಹಾಗಾಗಿ ನಾನು ದುಡ್ಡು ಹಾಕುದು ಜ್ಯಾಕಿಗೆ. ತಾಮ್ರದ ಶುದ್ಧತೆ ಕೇಳಿದವರು ಈವರೆಗೆ ಯಾರೂ ಇಲ್ಲ.

ಈಗ ನಿಮ್ಮದು. ಬೇಸ್ ಇಲ್ಲ, ಸ್ವರ ಎಲ್ಲಿಂದ ಬರ್ತದೆ ಅಂತ ಗೊತ್ತಾಗುದಿಲ್ಲ ಅಂದ್ರೆ ನನಗೆ ಮೊದಲು ಬರುವ ಸಂಶಯ, ಒಂದು ಸ್ಪೀಕರಿನ ಪ್ಲಸ್ ಮೈನಸ್ ಉಲ್ಟಾ. ಒಂದರ ಕೋನ್ ಮುಂದೆ ಬರುವಾಗ ಇನ್ನೊಂದರದ್ದು ಹಿಂದೆ ಹೋಗ್ತದೆ, ತಗ್ಗು ಸ್ವರ ಒಂದನ್ನೊಂದು ತಿಂದು ಹಾಕ್ತವೆ. ತೆಳ್ಳನೆ ವೈರಿನಲ್ಲಿ ಪ್ಲಸ್ ಮೈನಸ್ ಗುರುತಿನ ಗೆರೆ ಸರಿಯಾಗಿ ಕಾಣುದಿಲ್ಲ, ಎಲ್ಲರಿಗೂ ಆಗುವಂಥದ್ದೇ. ವೈರನ್ನು ಆಂಪ್ಲಿಫೈಯರಿನಿಂದ ಪೂರ್ತಿ ಬಿಚ್ಚಿ, ನೆನಪಿಡಿ, ಬಿಚ್ಚಿ. ಪ್ಲಸ್ಸಿಗೆ ಸಿಕ್ಕಿಸಿದ್ದ ತುದಿಯನ್ನು 1.5 ವೋಲ್ಟಿನ ಸೆಲ್ಲಿನ ಪ್ಲಸ್ಸಿಗೆ, ಮತ್ತೊಂದನ್ನು ಮೈನಸ್ಸಿಗೆ ಒಂದು ಕ್ಷಣ ತಾಗಿಸಿ. ಕೋನ್ ಮುಂದೆ ಹಾರಿದ್ರೆ ಸರಿ. ಎರಡೂ ಸ್ಪೀಕರ್ ನೋಡಿ, ಎರಡೂ ಒಂದೇ ಕಡೆ ಹೋಗ್ಬೇಕು.

ಬಸವನಗುಡಿ, ಬೆಂಗಳೂರು:

ಅಯ್ಯೋ, ಇದು ನನಗೆ ಹೊಳೆಯಲೇ ಇಲ್ಲ! ಜೊತೆಗೆ ಸ್ಪೀಕರ್ ಎಲ್ಲಿಟ್ಟಿದ್ದೀರಿ, ನೀವೆಲ್ಲಿ ಕೂರ್ತೀರಿ ಅಂತ ಕೂಡ ಹೇಳಿ. 12 ಅಡಿ ಉದ್ದದ ರೂಮಾದರೆ 47 ಹರ್ಟ್ಸ್ ಹತ್ತಿರದ ಸ್ವರ ಗೋಡೆಗಳ ಹತ್ತಿರ ಊದಿಕೊಂಡು, ಸರಿಯಾಗಿ ಮಧ್ಯದಲ್ಲಿ ಮಾಯವಾಗುತ್ತೆ. ನಡುಮಧ್ಯ ಕುರ್ಚಿ ಹಾಕಿದ್ದರೆ ಎರಡಡಿ ಹಿಂದೆ ಎಳೀರಿ. ನೆಲ ವಿಟ್ರಿಫೈಡ್ ಟೈಲ್ಸಾಗಿದ್ದರೆ ಒಂದು ಜಮಖಾನ ಹಾಸಿ. ತಗ್ಗು ಸ್ವರಕ್ಕೆ ಅದರಿಂದ ಏನೂ ಆಗಲ್ಲ, ಚಪ್ಪಾಳೆ ಹೊಡೆದರೆ ಠಣ್ ಅನ್ನೋದು ಮಾತ್ರ ಕಡಿಮೆಯಾಗುತ್ತೆ.

ಕೇಳಿದವರು, ಮೈಸೂರು:

ಎಲ್ಲರಿಗೂ ಧನ್ಯವಾದ. ಗೋಡೆ ಗಡಿಯಾರದ ಸೆಲ್ ತೆಗೆದು ನೋಡಿದೆ. ಬಲಗಡೆ ಕೋನ್ ಮುಂದೆ ಬಂತು. ಎಡಗಡೆಯದು ಒಳಗೆ ಹೋಯಿತು. ನಂಬಿಕೆ ಬರದೆ ಮೂರು ಸಲ ಮಾಡಿದೆ, ಮೂರು ಸಲವೂ ಒಳಗೇ. ವೈರ್ ಅದಲುಬದಲು ಮಾಡಿ ಅದೇ ಕಛೇರಿ ಹಾಕಿದರೆ ತನಿ ಆವರ್ತನದಲ್ಲಿ ಶೋಕೇಸಿನ ಗಾಜು ನಡುಗಿತು. ನಮ್ಮನೆಯವರು ಅಡುಗೆಮನೆಯಿಂದ ಬಂದು "ಕೇಬಲ್ ತಂದೇಬಿಟ್ರಾ?" ಅಂತ ಕೇಳಿದರು.

ಇನ್ನೂ 2.5ರ ತಾಮ್ರ ತರೋದು ಬಾಕಿ. ಹುಬ್ಬಳ್ಳಿಯವರೇ, ಸ್ಪೀಕರಿನ ಹಿಂದಿನ ತೂತಿಗೆ ಅದು ಹಿಡಿಸುತ್ತಾ, ಇಲ್ಲ ತುದಿಗೆ ಲೋಹದ ಲಗ್ಗು ಹಾಕಬೇಕಾ?

ವೈರಿಂಗ್ ಕೆಲಸ, ಹುಬ್ಬಳ್ಳಿ:

ತಿರುಪಿನ ಟರ್ಮಿನಲ್ ಇದ್ರ ಹಂಗ ಹಿಡಿಸ್ತೈತಿ ಸರ. ಒಂದು ಸೆಂಟಿಮೀಟರ್ ಸುಲಿದು, ಎಳಿ ಬಿಗಿಯಾಗಿ ತಿರುವಿ ಹಾಕ್ರಿ, ಒಂದು ಎಳಿನೂ ಬಾಜೂಕಿನ ಟರ್ಮಿನಲ್ಲಿಗೆ ತಾಗಬಾರದು. ಒತ್ತೋ ಕ್ಲಿಪ್ ಇದ್ರ 1.5 ತಗೊಳ್ರಿ. ಮತ್ತ ಗಡಿಯಾರದ ಸೆಲ್ ವಾಪಸ್ ಹಾಕ್ರಿ.